ಇವರ ಕಾರಿನ ಸ್ಟೀರಿಂಗು

ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಹಳೆಯ ಕಾರಿದೆ. 1972ರ ಓಲ್ಡ್ಸ್‌ಮೊಬೈಲ್ ಕಟ್ಲಾಸ್ ಸುಪ್ರೀಮ್. ಹೆಸರು ಉದ್ದ, ಕಾರು ಇನ್ನೂ ಉದ್ದ. ತಿಪಟೂರಿನಲ್ಲಿ ನನ್ನ ತವರುಮನೆಯ ಬೀದಿಗೆ ಅದನ್ನು ತಂದು ನಿಲ್ಲಿಸಿದ್ದರೆ ಕೊಬ್ಬರಿ ಗಾಡಿಗಳೆಲ್ಲ ಸುತ್ತು ಹಾಕಿಕೊಂಡು ಹೋಗಬೇಕಾಗುತ್ತಿತ್ತು. ಇವರು, ಎಂದರೆ ನಮ್ಮ ಯಜಮಾನರು, 1975ರಲ್ಲಿ ಅದನ್ನು ಕೊಂಡಾಗ ಅದಕ್ಕೆ ಆಗಲೇ ಮೂರು ವರ್ಷ ವಯಸ್ಸಾಗಿತ್ತು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಾಯಿಸಿದ ಮೇಲೆ ನಮ್ಮ ಕಡೆಯಿಂದ ಎಂಜಿನಿಯರುಗಳೂ ಡಾಕ್ಟರುಗಳೂ ಸಾಲುಗಟ್ಟಿ ಹೊರಟರಲ್ಲ, ಆ ಸಾಲಿನಲ್ಲಿ ಇವರೂ ಒಬ್ಬರು. ಮಿಶಿಗನ್ ರಾಜ್ಯದ ಮಿಡ್‌ಲ್ಯಾಂಡ್ ಎಂಬ ಊರಿನ ರಾಸಾಯನಿಕ ಕಾರ್ಖಾನೆಯಲ್ಲಿ ಇವರಿಗೆ ಕೆಲಸ. ನಾನು 1974ರಲ್ಲಿ ಬಂದು ಸೇರಿಕೊಂಡೆ. ನನ್ನ ಜೊತೆಗೆ ಬಂದದ್ದು ಎರಡು ಪೆಟ್ಟಿಗೆ, ಒಂದು ಹಿತ್ತಾಳೆಯ ಶ್ಯಾವಿಗೆ ಒರಳು.

ಶ್ಯಾವಿಗೆ ಒರಳಿನ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೊಂಡಿರಿ.

ಇಲ್ಲಿ ಕಾರು ಓಡಿಸಲು ಬಾರದಿದ್ದರೆ ಮನೆಯೇ ಸೆರೆಮನೆ. ಬಸ್ಸಿಲ್ಲ, ಆಟೋ ಇಲ್ಲ, ಹಾಲಿಗೂ ಕಾರಿನಲ್ಲೇ ಹೋಗಬೇಕು. ನನ್ನ ತಾಯಿ ಜೀವಮಾನದಲ್ಲಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತವರಲ್ಲ. ಮದುವೆ ಮುಂಜಿಗೆ ಬಾಡಿಗೆಯ ಅಂಬಾಸಡರ್ ಬಂದರೆ ಹೆಂಗಸರು ಮಕ್ಕಳು ಹಿಂದೆ, ಗಂಡಸರು ಮುಂದೆ. ಅಂಥ ಮನೆಯ ಹುಡುಗಿಯನ್ನು ಇವರು ಒಂದು ಭಾನುವಾರ ಕಾರ್ಖಾನೆಯ ಖಾಲಿ ಮೈದಾನದಲ್ಲಿ ಚಾಲಕನ ಸೀಟಿನಲ್ಲಿ ಕೂರಿಸಿದರು. ನಾನು ಸೀರೆಯ ನೆರಿಗೆ ಮಂಡಿಯ ನಡುವೆ ಸಿಕ್ಕಿಸಿಕೊಂಡು, ಸ್ಟೀರಿಂಗನ್ನು ಬಾವಿಯ ಹಗ್ಗದಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಇವರು ನಕ್ಕರು.

"ಅಷ್ಟು ಬಿಗಿಯಾಗಿ ಯಾಕೆ ಹಿಡ್ಕೊಂಡಿದೀಯ? ನಿನಗೋಸ್ಕರ ಅಂತಲೇ ಪವರ್ ಸ್ಟೀರಿಂಗ್ ಇರೋ ಕಾರು ತಂದಿದೀನಿ. ಒಂದು ಬೆರಳಲ್ಲಿ ತಿರುಗುತ್ತೆ ಕಣೆ."

ನಿಜವಾಗಿ ತಿರುಗಿತು. ಅಷ್ಟು ದೊಡ್ಡ ಕಬ್ಬಿಣದ ರಥ ನನ್ನ ಕಿರುಬೆರಳಿಗೆ ತಿರುಗಿತು. ನನಗೋಸ್ಕರ ಎಂಬ ಆ ಮಾತು ನನ್ನೊಳಗೆ ಬೆಚ್ಚಗೆ ಕುಳಿತಿತು. ಗಂಡ ಹೆಂಡತಿಗೆ ರೇಷ್ಮೆ ಸೀರೆ ತಂದುಕೊಡುತ್ತಾನೆ, ಒಲೆ ತಂದುಕೊಡುತ್ತಾನೆ, ಇವರು ಹಗುರವಾದ ಸ್ಟೀರಿಂಗು ತಂದುಕೊಟ್ಟರು ಎಂದು ನಾನು ತಿಪಟೂರಿಗೆ ಕಾಗದ ಬರೆದೆ. ಅಮ್ಮನಿಗೆ ಏನು ಅರ್ಥವಾಯಿತೋ!

ಇವರು 2009ರಲ್ಲಿ ತೀರಿಕೊಂಡರು. ಆಮೇಲೆ ಕಾರು ಗ್ಯಾರೇಜಿನಲ್ಲೇ ಉಳಿಯಿತು. ವರ್ಷಕ್ಕೆ ನಾಲ್ಕೈದು ಸಲ ಹೊರಗೆ ತೆಗೆದು ಒಂದು ಸುತ್ತು ಹೋಗಿ ಬರುತ್ತಿದ್ದೆ. 2018ರ ಬೇಸಿಗೆಯ ಹೊತ್ತಿಗೆ ಸ್ಟೀರಿಂಗು ಸಡಿಲವಾಗಿತ್ತು. ಎಡಕ್ಕೆ ಅಷ್ಟು ತಿರುಗಿಸಿದರೂ ಕಾರಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮೆಕ್ಯಾನಿಕ್‌ಗಳು ಇದಕ್ಕೆ ಪ್ಲೇ ಎನ್ನುತ್ತಾರೆ. ಗ್ಯಾರೇಜಿನ ನೆಲದಲ್ಲಿ ಎಡಗಡೆ ಅಂಗೈಯಗಲದ ಎಣ್ಣೆಯ ಕಲೆ. ಮಗ ಬಂದವನು ನೋಡಿ, "ಮಾರಿಬಿಡಮ್ಮ, ಅದನ್ನಿಟ್ಕೊಂಡು ಏನು ಮಾಡ್ತೀಯ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಕೋಪ ಬಂತು.

ಮಾರುವುದಿಲ್ಲ ಎಂದು ಹಟ ಹಿಡಿದು ಒಂದು ಮೆಕ್ಯಾನಿಕ್ ಅಂಗಡಿಗೆ ಕೊಂಡೊಯ್ದೆ. ಅಲ್ಲಿನ ಹುಡುಗ ಹುಡ್ ಎತ್ತಿ, ಕೆಳಗೆ ಇದ್ದ ಕಪ್ಪು ಡಬ್ಬಿಯೊಂದರ ತಲೆಯ ಮೇಲಿನ ಸ್ಕ್ರೂವನ್ನು ಬಿಗಿ ಮಾಡಿ ಹತ್ತೇ ನಿಮಿಷದಲ್ಲಿ ಕಾರು ಕೊಟ್ಟ. ಪ್ಲೇ ಹೋಗಿತ್ತು. ನಾನು ಖುಷಿಯಾಗಿ ಮನೆಗೆ ಹೊರಟೆ. ಊರ ಹೊರಗಿನ ತಿರುವಿನಲ್ಲಿ ಬಲಕ್ಕೆ ತಿರುಗಿಸಿದೆ. ಸಾಮಾನ್ಯವಾಗಿ ತಿರುವು ಮುಗಿದ ಮೇಲೆ ಕೈ ಸಡಿಲ ಬಿಟ್ಟರೆ ಚಕ್ರ ತಾನೇ ನೇರವಾಗುತ್ತದೆ, ಹಟ್ಟಿಯ ದಾರಿ ಹಿಡಿದ ಹಸುವಿನ ಹಾಗೆ. ಅವತ್ತು ಆಗಲಿಲ್ಲ. ಹಾಗೇ ಸಿಕ್ಕಿಕೊಂಡಿತು. ಕಾರು ರಸ್ತೆ ಬಿಟ್ಟು ಪಕ್ಕದ ಹಳ್ಳದ ಕಡೆಗೆ ಹೊರಟಿತು. ನಾನು ಎರಡೂ ಕೈಯಿಂದ, ಭುಜದಿಂದ, ಇಡೀ ಮೈಯಿಂದ ಎಡಕ್ಕೆ ಎಳೆದು ನಿಲ್ಲಿಸಿದೆ. ಮುಂದಿನ ಬಲಚಕ್ರ ಹುಲ್ಲಿನ ಮೇಲಿತ್ತು.

ಅಲ್ಲಿ ಕುಳಿತಾಗ ನನಗೆ ನೆನಪಾದದ್ದು 1978. ಆ ವರ್ಷದ ಜನವರಿ ಕೊನೆಯಲ್ಲಿ ಮಿಶಿಗನ್ನಿನಲ್ಲಿ ದೊಡ್ಡ ಹಿಮಬಿರುಗಾಳಿ ಬಂದಿತ್ತು, ಇಲ್ಲಿನ ಹಿರಿಯರು ಈಗಲೂ ಅದರ ಲೆಕ್ಕದಲ್ಲೇ ಮಕ್ಕಳ ವಯಸ್ಸು ಹೇಳುತ್ತಾರೆ. ಅದು ಮುಗಿದು ವಾರದ ಮೇಲೆ, ರಸ್ತೆಯ ಎರಡೂ ಕಡೆ ಆಳೆತ್ತರದ ಹಿಮದ ಗೋಡೆ ಇದ್ದಾಗ, ಇಳಿಜಾರಿನಲ್ಲಿ ಎಂಜಿನ್ ತಟ್ಟನೆ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಒಂದೂವರೆ ವರ್ಷದ ಮಗ. ಎಂಜಿನ್ ನಿಂತಕೂಡಲೇ ಬೆರಳಿಗೆ ತಿರುಗುತ್ತಿದ್ದ ಸ್ಟೀರಿಂಗು ರುಬ್ಬುವ ಗುಂಡಾಯಿತು. ಕಾರು ಮಾತ್ರ ಜಾರುತ್ತಲೇ ಇತ್ತು. ಅವತ್ತೂ ಹೀಗೆಯೇ ಇಡೀ ಮೈಯಿಂದ ಎಳೆದಿದ್ದೆ. ಕಾರು ಹಿಮದ ಗೋಡೆಗೆ ಮೆತ್ತಗೆ ಒರಗಿ ನಿಂತಿತು, ಮಗನಿಗೆ ನಿದ್ದೆಯೂ ಕೆಡಲಿಲ್ಲ. ಮನೆಗೆ ಬಂದು ಹೇಳಿದಾಗ ಇವರು, "ಪವರ್ ಹೋದರೆ ನಿನ್ನ ಕೈಲಿ ತಿರುಗೋದು ಹೇಗೆ? ಏನೋ ದೇವರು ಕಾಪಾಡಿದ" ಎಂದರು. ದೇವರ ಜೊತೆಗೆ ನನ್ನ ಕೈಯೂ ಇತ್ತು ಎಂದು ಆಗ ಹೇಳಲಿಲ್ಲ. ನಲವತ್ತು ವರ್ಷವಾದ ಮೇಲೆ ಹುಲ್ಲಿನ ಮೇಲೆ ಕುಳಿತು ಹೇಳಿಕೊಂಡೆ, ಕೇಳುವವರು ಇರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಅಜ್ಜ ಎಂದು ಬರೆದೆ, ನನಗಿಂತ ಹನ್ನೆರಡೇ ವರ್ಷಕ್ಕೆ ದೊಡ್ಡವರು. ನಮ್ಮೂರಿಂದ ಮೂವತ್ತು ಕಿಲೋಮೀಟರು ದೂರದ ಸ್ಯಾಗಿನಾ ಎಂಬ ಊರಿನ ಸ್ಟೀರಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ವಿಷಯ ಹೇಳಿದೆ. ಬಂದು ಟಾರ್ಚು ಬಿಟ್ಟು ನೋಡಿ ತಲೆ ಅಲ್ಲಾಡಿಸಿದರು.

"ಒಳಗೆ ಸವೆದಿರೋದನ್ನು ಹೊರಗಿನ ಸ್ಕ್ರೂ ಬಿಗಿದು ಸರಿಮಾಡೋಕೆ ಆಗುತ್ತೇನಮ್ಮ? ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಇದು ನಮ್ಮ ಕಾರ್ಖಾನೆಯದೇ. ಯಾರಿಗೆ ಗೊತ್ತು, ನನ್ನ ಕೈ ಮೇಲೇ ಹೋಗಿದ್ದರೂ ಹೋಗಿರಬಹುದು."

ಅವರು ಇಂಗ್ಲಿಷಿನಲ್ಲಿ ಹೇಳಿದ್ದು, ನನ್ನ ಕಿವಿಗೆ ಅದು ತಿಪಟೂರಿನ ಮಾತಿನಂತೆಯೇ ಕೇಳಿಸಿತು. ಸ್ಟೀರಿಂಗಿನ ಕೆಳಗೆ ಇಂಥದೊಂದು ಪೆಟ್ಟಿಗೆ ಇದೆ ಎಂಬುದೇ ನನಗೆ ಗೊತ್ತಾದದ್ದು ಅವತ್ತು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಅವರು ಚಿತ್ರ ಬರೆದು ತೋರಿಸಿದರು. ನನಗೆ ಚಿತ್ರ ಹತ್ತಲಿಲ್ಲ. ಎದ್ದುಹೋಗಿ ಶ್ಯಾವಿಗೆ ಒರಳು ತಂದೆ.

ಶ್ಯಾವಿಗೆ ಒರಳಿನಲ್ಲಿ ಮೇಲಿನ ಹಿಡಿ ತಿರುಗಿಸಿದರೆ ತಿರುಪು ಸುತ್ತುತ್ತಾ ಒಳಗಿನ ಬಿಲ್ಲೆ ಕೆಳಗಿಳಿದು ಹಿಟ್ಟನ್ನು ಒತ್ತುತ್ತದಲ್ಲ, ಸ್ಟೀರಿಂಗ್ ಪೆಟ್ಟಿಗೆಯ ಒಳಗಿನ ಸಂಗತಿಯೂ ಬಹಳ ಮಟ್ಟಿಗೆ ಅದೇ. ಸ್ಟೀರಿಂಗ್ ತಿರುಗಿಸಿದರೆ ಒಂದು ತಿರುಪಿನ ಸರಳು ಸುತ್ತುತ್ತದೆ. ಅದರ ಮೇಲೆ ಕೂತ ದಪ್ಪ ನಟ್ಟು ಮುಂದಕ್ಕೆ ಹಿಂದಕ್ಕೆ ಸರಿಯುತ್ತದೆ. ನಟ್ಟಿನ ಹೊರಮೈಯಲ್ಲಿ ಹಲ್ಲುಗಳಿವೆ. ಅವು ಇನ್ನೊಂದು ಹಲ್ಲಿನ ದಂಡವನ್ನು ತಿರುಗಿಸುತ್ತವೆ, ಆ ದಂಡದ ತುದಿಗೆ ಸಿಕ್ಕಿಸಿದ ಉಕ್ಕಿನ ತೋಳು ಕಾರಿನ ಮುಂದಿನ ಚಕ್ರಗಳನ್ನು ಎಡಕ್ಕೆ ಬಲಕ್ಕೆ ಎಳೆಯುತ್ತದೆ. ತಿರುಪಿಗೂ ನಟ್ಟಿಗೂ ನೇರ ಉಜ್ಜಾಟ ಬೇಡವೆಂದು ನಡುವೆ ಕಾಳುಮೆಣಸಿನಂಥ ಉಕ್ಕಿನ ಗುಂಡುಗಳನ್ನು ತುಂಬಿರುತ್ತಾರೆ. ಗುಂಡುಗಳು ಉರುಳುತ್ತಾ ಒಂದು ತುದಿಯಿಂದ ಹೊರಬಂದು ಕೊಳವೆಯೊಳಗೆ ಹಾದು ಮತ್ತೆ ಮೊದಲ ತುದಿಗೆ ಬರುತ್ತವೆ. ಈ ಗುಂಡಿನ ಉಪಾಯವನ್ನು ಸ್ಯಾಗಿನಾದವರು ತಂದದ್ದು 1940ರ ಕ್ಯಾಡಿಲಾಕ್ ಕಾರುಗಳಲ್ಲಿ. ಅಜ್ಜ ನನ್ನ ಒರಳಿನ ಹಿಡಿಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಅದರಿಂದ ಏನು ಮಾಡುತ್ತೀರಿ ಎಂದು ಕೇಳಿದರು. ಹೇಳುವುದಕ್ಕಿಂತ ತೋರಿಸುವುದು ಮೇಲೆಂದು ಮಾರನೆಯ ದಿನ ಕಾಯಿಹಾಲಿನ ಜೊತೆ ಒತ್ತುಶ್ಯಾವಿಗೆ ಕಳಿಸಿದೆ.

ಇಷ್ಟು ಬರೀ ಪೆಟ್ಟಿಗೆಯ ಮಾತಾಯಿತು. ಹಗುರ ಎಲ್ಲಿಂದ ಬಂತು, ಅದು ನನಗೋಸ್ಕರ ಬಂದದ್ದೇ? ಈ ಪ್ರಶ್ನೆ ಹೊತ್ತುಕೊಂಡು ಊರಿನ ಗ್ರಂಥಾಲಯಕ್ಕೆ ನಾಲ್ಕು ಸಲ ಹೋಗಿಬಂದೆ.

ಫ್ರಾನ್ಸಿಸ್ ಡೇವಿಸ್ ಎಂಬಾತ ಹುಟ್ಟಿದ್ದು 1887ರಲ್ಲಿ. ಹಾರ್ವರ್ಡಿನಲ್ಲಿ ಎಂಜಿನಿಯರಿಂಗ್ ಓದಿ ಬಫಲೋ ಊರಿನ ಪಿಯರ್ಸ್-ಆರೋ ಎಂಬ ಶ್ರೀಮಂತರ ಕಾರಿನ ಕಂಪನಿಗೆ ಸೇರಿದ. ಆತ ನೋಡಿಕೊಳ್ಳುತ್ತಿದ್ದದ್ದು ಕಾರುಗಳನ್ನಲ್ಲ, ಆ ಕಂಪನಿಯ ಲಾರಿಗಳನ್ನು. ಲಾರಿ ತಿರುಗಿಸುವುದೆಂದರೆ ಆಗ ಗರಡಿಯ ಸಾಮು. ಗುಂಡಿಗೆ ಬಿದ್ದ ಚಕ್ರ ಸ್ಟೀರಿಂಗನ್ನು ಕಿತ್ತುಕೊಂಡು ತಿರುಗಿದರೆ ಹಿಡಿದವನ ಹೆಬ್ಬೆರಳು ಉಳಿಯುವ ಭರವಸೆ ಇರಲಿಲ್ಲ. ಡೇವಿಸ್‌ನ ಕಣ್ಣಿಗೆ ಬಿದ್ದದ್ದು ಈ ಗಟ್ಟಿಮುಟ್ಟಾದ ಲಾರಿ ಡ್ರೈವರುಗಳ ಪಾಡು. ಕೆಲಸ ಬಿಟ್ಟು ಮಸಾಚುಸೆಟ್ಸ್ ರಾಜ್ಯದ ವಾಲ್ತಮ್‌ನಲ್ಲಿ ಚಿಕ್ಕ ಕಾರ್ಯಾಗಾರ ಹಿಡಿದು ಒಬ್ಬ ಕುಶಲ ಕೆಲಸಗಾರನನ್ನು ಜೊತೆಗಿಟ್ಟುಕೊಂಡು ಶುರುಮಾಡಿದ.

ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಯಂತ್ರಗಳು ಅದಕ್ಕೂ ಮೊದಲೇ ಇದ್ದವು. ಅವುಗಳಲ್ಲಿ ಎಣ್ಣೆಯನ್ನು ಸದಾ ಒತ್ತಿ ಹಿಡಿದಿಟ್ಟು, ಬೇಕಾದಾಗ ಬಾಯಿ ತೆರೆಯುತ್ತಿದ್ದರು. ಸದಾ ಒತ್ತಿ ಹಿಡಿದದ್ದು ಸೋರದೆ ಇರುತ್ತದೆಯೆ? ಡೇವಿಸ್ ಅದನ್ನು ತಲೆಕೆಳಗು ಮಾಡಿದ. ಎಣ್ಣೆ ಸುಮ್ಮನೆ ಹರಿಯುತ್ತಲೇ ಇರಲಿ, ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ದಾರಿ ಇಕ್ಕಟ್ಟಾಗಿ ಒತ್ತಡ ಹುಟ್ಟಲಿ ಎಂದ. ಹಿತ್ತಲಿನಲ್ಲಿ ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿದರೆ ನೀರು ಚಿಮ್ಮುತ್ತದಲ್ಲ, ಹಾಗೆ. ನಮ್ಮ ಕಾರಿನ ಕಾಲಕ್ಕೆ ಆ ಹೆಬ್ಬೆಟ್ಟಿನ ಕೆಲಸಕ್ಕೆ ಒಂದು ಸಣ್ಣ ಸರಳು ಬಂದಿತ್ತು. ಒದ್ದೆ ಬಟ್ಟೆ ಹಿಂಡುವಾಗ ಬಟ್ಟೆ ತಿರುಚಿಕೊಳ್ಳುವ ಹಾಗೆ, ನಾವು ಸ್ಟೀರಿಂಗ್ ತಿರುಗಿಸಿದಾಗ ಆ ಸರಳು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತೋ ಅಷ್ಟು ಎಣ್ಣೆ ಆ ಕಡೆಗೆ ನುಗ್ಗಿ ನಟ್ಟನ್ನು ದೂಡುತ್ತದೆ. ದೂಡುವ ಬಲ ಎಂಜಿನ್ನಿನದು, ಯಾವ ಕಡೆಗೆಂದು ಹೇಳುವುದಷ್ಟೇ ಕೈಯದು. ಎಂಜಿನ್ ಸತ್ತರೆ ಬಲವೂ ಸತ್ತಿತು. 1978ರಲ್ಲಿ ನನಗಾದದ್ದು ಅದೇ.

1926ರಲ್ಲಿ ಡೇವಿಸ್ ತನ್ನ ಯಂತ್ರವನ್ನು ಒಂದು ಪಿಯರ್ಸ್-ಆರೋ ಕಾರಿಗೆ ಕೂರಿಸಿ ಡೆಟ್ರಾಯಿಟಿಗೆ ಓಡಿಸಿಕೊಂಡು ಬಂದು ತೋರಿಸಿದ. ಜನರಲ್ ಮೋಟರ್ಸ್‌ನವರು ಮೆಚ್ಚಿ ಒಪ್ಪಂದ ಮಾಡಿಕೊಂಡರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು. ಮಾರಾಟವಾಗುವ ಕೆಲವೇ ಕ್ಯಾಡಿಲಾಕ್‌ಗಳಿಗಾಗಿ ಅಷ್ಟು ಬಂಡವಾಳ ಹೂಡುವುದು ಗಿಟ್ಟದೆಂದು 1934ರಲ್ಲಿ ಕೈಬಿಟ್ಟರು. ಮತ್ತೆ ಅದಕ್ಕೆ ಜೀವ ಬಂದದ್ದು ಯುದ್ಧದಲ್ಲಿ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಸೈನ್ಯದ ವಾಹನಗಳಲ್ಲಿ ಡೇವಿಸ್‌ನ ಯಂತ್ರವಿತ್ತು. ಉಕ್ಕಿನ ಕವಚ ತೊಟ್ಟ ಗಾಡಿಗಳವು, ಬರಿಗೈಯಲ್ಲಿ ತಿರುಗುವಂಥವಲ್ಲ. ಸಾಮಾನ್ಯರ ಕಾರಿಗೆ ಪವರ್ ಸ್ಟೀರಿಂಗ್ ಬಂದದ್ದು 1951ರಲ್ಲಿ, ಅದೂ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್‌ನಲ್ಲಿ, ಅವಧಿ ಮುಗಿದಿದ್ದ ಡೇವಿಸ್‌ನ ಪೇಟೆಂಟುಗಳನ್ನು ಆಧರಿಸಿ. ಎದುರಾಳಿ ಮುಂದೆ ಹೋದ ಮೇಲೆ ಜನರಲ್ ಮೋಟರ್ಸ್‌ನವರು ಓಡಿಬಂದು ಡೇವಿಸ್‌ನ ಕೈ ಹಿಡಿದರು. 1952ರಲ್ಲಿ ಕ್ಯಾಡಿಲಾಕ್, ಬ್ಯೂಯಿಕ್, ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಅದು ಬಂತು. ಯಂತ್ರ ಮಾಡಿ ತೋರಿಸಿ ಕಾಲು ಶತಮಾನವಾಗಿತ್ತು. ಆತ 1978ರವರೆಗೂ ಬದುಕಿದ್ದ. ಅದೇ ವರ್ಷ ನಾನು ಹಿಮದಲ್ಲಿ ಜಾರಿದ್ದು, ಎಂಥ ಕಾಕತಾಳೀಯ ನೋಡಿ.

ಲಾರಿ ಡ್ರೈವರು, ಸೈನಿಕ. ಇವರಿಬ್ಬರಿಗಾಗಿ ಹುಟ್ಟಿದ್ದು ಅಂಗಡಿಗೆ ಬಂದಾಗ ಹೆಂಗಸರ ಹೆಸರು ಹೊತ್ತಿತು. 1950ರ ದಶಕದ ಹಳೆಯ ಪತ್ರಿಕೆಗಳ ಜಾಹೀರಾತು ನೋಡಿದೆ. ಬಿಳಿ ಕೈಗವಸಿನ ಚೆಲುವೆ, ಸ್ಟೀರಿಂಗಿನ ಮೇಲೆ ಬಳ್ಳಿಯಂತೆ ಇಟ್ಟ ಒಂದು ಬೆರಳು. ತೋಳಿನಲ್ಲಿ ಬಲವಿಲ್ಲದವಳಿಗೆ ಇದೋ ವರದಾನ ಎಂಬ ಧಾಟಿ. ಗಂಡಸು ತನ್ನ ಭುಜ ನೋಯುತ್ತದೆ ಎಂದು ಹೇಳಿಕೊಂಡು ಹೆಚ್ಚು ಹಣ ಕೊಡುವುದು ಹೇಗೆ? ಹೆಂಡತಿಗಾಗಿ ಎಂದರೆ ಮಾನ ಉಳಿಯುತ್ತದೆ. ನಮ್ಮಲ್ಲಿ ಮಿಕ್ಸಿ ಬಂದಾಗಲೂ ಹೆಂಗಸರಿಗೆ ಸೋಮಾರಿತನ ಬಂತು ಎಂದವರೇ ದಿನಾ ಚಟ್ನಿಗೆ ಕೈಚಾಚಿದ್ದು. ಕಾರುಗಳ ಚರಿತ್ರೆಯಲ್ಲೂ ಇದು ಮೊದಲ ಸಲವೇನಲ್ಲ. 1912ರಲ್ಲಿ ಕ್ಯಾಡಿಲಾಕ್‌ಗೆ ವಿದ್ಯುತ್ ಸ್ಟಾರ್ಟರ್ ಬರುವ ಮೊದಲು ಹಿಡಿಕೆ ಸುತ್ತಿ ಎಂಜಿನ್ ಚಾಲೂ ಮಾಡುವಾಗ ಅದು ತಿರುಗಿ ಹೊಡೆದು ಕೈ ಮುರಿದುಕೊಂಡವರಲ್ಲಿ ಗಂಡಸರೇ ಹೆಚ್ಚು. ಸ್ಟಾರ್ಟರನ್ನೂ ಹೆಂಗಸರ ಅನುಕೂಲ ಎಂದೇ ಹೊಗಳಿದರು.

ಇವೇನೂ ಇಲ್ಲದ ಕಾಲದಲ್ಲಿ, 1909ರಲ್ಲಿ, ಆಲಿಸ್ ರ್‍ಯಾಮ್ಸಿ ಎಂಬ ಇಪ್ಪತ್ತೆರಡು ವರ್ಷದ ಗೃಹಿಣಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕಾರು ಓಡಿಸಿಕೊಂಡು ಹೋದಳು. ಆರು ಸಾವಿರ ಕಿಲೋಮೀಟರು, 59 ದಿನ. ಪುಟ್ಟ ಮಗುವನ್ನು ಮನೆಯಲ್ಲಿ ಬಿಟ್ಟು ಹೊರಟವಳು. ಜೊತೆಗಿದ್ದವರು ಮೂವರು ಹೆಂಗಸರು, ಮೂವರಿಗೂ ಕಾರು ಓಡಿಸಲು ಬಾರದು. ಮ್ಯಾಕ್ಸ್‌ವೆಲ್ ಕಂಪನಿ ಪ್ರಚಾರಕ್ಕೆಂದು ಕೊಟ್ಟ ಕಾರು ಅದು. ಬಹುಪಾಲು ರಸ್ತೆಯೆಂದರೆ ಗಾಡಿಜಾಡು, ಕೆಸರು. ಹನ್ನೊಂದು ಸಲ ಟೈರು ಬದಲಾಯಿಸಿದಳು. ರೇಡಿಯೇಟರಿನ ನೀರು ಆರಿದಾಗ ಹಲ್ಲುಜ್ಜುವ ಬ್ರಷ್ ಇಡುವ ಗಾಜಿನ ಡಬ್ಬಿಗಳಲ್ಲಿ ಹಳ್ಳದಿಂದ ನೀರು ತಂದು ಸುರಿದರಂತೆ. ಆ ಡಬ್ಬಿಯ ಸಂಗತಿ ಓದಿದಾಗ ನಾನು ಗ್ರಂಥಾಲಯದಲ್ಲಿ ಗಟ್ಟಿಯಾಗಿ ನಕ್ಕು ಎದುರಿನವರಿಂದ ಬೈಸಿಕೊಂಡೆ. ಆಕೆಯ ಸ್ಟೀರಿಂಗಿಗೆ ಯಾವ ಪವರೂ ಇರಲಿಲ್ಲ.

ಇದನ್ನೆಲ್ಲ ಅಜ್ಜನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ತಾಯಿಯ ಮಾತು ತೆಗೆದರು. ಯುದ್ಧದ ಕಾಲದಲ್ಲಿ ಸ್ಯಾಗಿನಾದ ಸ್ಟೀರಿಂಗ್ ಕಂಪನಿಗೆ ಸರಕಾರ ಮೆಷಿನ್‌ಗನ್ ಮಾಡುವ ಕೆಲಸ ಕೊಟ್ಟಿತ್ತು. ಹಲ್ಲು, ತಿರುಪು ಕೊರೆಯುತ್ತಿದ್ದವರಿಗೆ ಬಂದೂಕು! 1942ರ ಮಾರ್ಚಿಯೊಳಗೆ 280 ಬಂದೂಕು ಕೊಡಬೇಕೆಂದು ಒಪ್ಪಂದವಿತ್ತು. ಆ ಹೊತ್ತಿಗೆ ಅವರು ಕೊಟ್ಟದ್ದು 28,728. ಈ ಲೆಕ್ಕ ಇಲ್ಲಿನ ಯುದ್ಧಚರಿತ್ರೆಯ ಪುಸ್ತಕಗಳಲ್ಲಿ ದಾಖಲಾಗಿದೆ. ಗಂಡಸರು ಸೈನ್ಯಕ್ಕೆ ಹೋದಂತೆಲ್ಲ ಯಂತ್ರಗಳ ಮುಂದೆ ಹೆಂಗಸರು ನಿಂತರು. ಅಜ್ಜನ ತಾಯಿ ಅವರಲ್ಲಿ ಒಬ್ಬರು. ಮೂರು ವರ್ಷದ ಮಗನನ್ನು ಅತ್ತೆಯ ಹತ್ತಿರ ಬಿಟ್ಟು ರಾತ್ರಿ ಪಾಳಿಗೆ ಹೋಗುತ್ತಿದ್ದರಂತೆ.

"ಬೆಳಿಗ್ಗೆ ಬಂದು ನನ್ನ ಪಕ್ಕ ಮಲಗುತ್ತಿದ್ದಳು. ಕೂದಲಲ್ಲಿ ಎಣ್ಣೆಯ ವಾಸನೆ. ಈಗಲೂ ಪೆಟ್ಟಿಗೆ ಬಿಚ್ಚಿದರೆ ನನಗೆ ಅಮ್ಮನ ವಾಸನೆ ಬರುತ್ತೆ."

1945ರಲ್ಲಿ ಯುದ್ಧ ಮುಗಿಯಿತು. ಗಂಡಸರು ವಾಪಸು ಬಂದರು, ಹೆಂಗಸರನ್ನು ಮನೆಗೆ ಕಳಿಸಿದರು. ಕಾರ್ಖಾನೆ ಮತ್ತೆ ಸ್ಟೀರಿಂಗ್ ಮಾಡತೊಡಗಿತು.

"ಬಂದೂಕು ಮಾಡೋಕೆ ಅಮ್ಮನ ಕೈ ಬೇಕಿತ್ತು. ಹಗುರದ ಸ್ಟೀರಿಂಗ್ ಮಾಡೋಕೆ ಬೇಕಾಗಲಿಲ್ಲ. ಆ ಕೆಲಸಕ್ಕೆ ನಾನು ಹೋದೆ. ಅಮ್ಮ ಬುತ್ತಿ ಕಟ್ಟಿಕೊಡುತ್ತಿದ್ದಳು."

ಆಕೆ ಕಾರು ಓಡಿಸುತ್ತಿದ್ದರೇ ಎಂದು ಕೇಳಿದೆ. ಅಜ್ಜ ಇಲ್ಲವೆಂದು ತಲೆಯಾಡಿಸಿದರು. ಮನೆಯಲ್ಲಿ ಒಂದೇ ಕಾರು, ಅದು ಅಪ್ಪನದು.

ಆ ಕಾರ್ಖಾನೆ ಕೈಯಿಂದ ಕೈಗೆ ದಾಟಿ ಈಗ ನೆಕ್ಸ್‌ಟೀರ್ ಎಂಬ ಕಂಪನಿಯಾಗಿದೆ, ಒಡೆತನ 2010ರಲ್ಲಿ ಚೀನಾದವರಿಗೆ ಹೋಯಿತು. ಬೆಂಗಳೂರಿನಲ್ಲೂ ಅದರ ಘಟಕವಿದೆ. ಈಗಿನ ಕಾರುಗಳಲ್ಲಿ ಎಣ್ಣೆಯೂ ಇಲ್ಲ, ಪಂಪೂ ಇಲ್ಲ, ಸಣ್ಣ ವಿದ್ಯುತ್ ಮೋಟಾರೇ ಚಕ್ರ ತಿರುಗಿಸುತ್ತದೆ. ತಿಪಟೂರಿನ ನನ್ನ ತಂಗಿಯ ಮಗಳು ಅಂಥದರಲ್ಲೇ ತುಮಕೂರಿಗೆ ದಿನಾ ಕೆಲಸಕ್ಕೆ ಹೋಗಿಬರುತ್ತಾಳೆ. ನಿಮ್ಮಲ್ಲೂ ಹಲವರು ಓಡಿಸುತ್ತಿರಬಹುದು.

ಜುಲೈ ತಿಂಗಳ ಒಂದು ಶನಿವಾರ ಪೆಟ್ಟಿಗೆ ಬದಲಾಯಿಸುವುದೆಂದು ಗೊತ್ತಾಯಿತು. ಮಗ ಗೊಣಗಿಕೊಂಡೇ ಬಂದ. ಪುನಃ ಸಿದ್ಧಪಡಿಸಿದ ಪೆಟ್ಟಿಗೆ ಬಿಡಿಭಾಗದ ಅಂಗಡಿಯಿಂದ ಬಂದಿತ್ತು. ಹಳೆಯದನ್ನು ವಾಪಸು ಕೊಟ್ಟರೆ ಇಟ್ಟ ಠೇವಣಿ ಹಿಂದಕ್ಕೆ ಸಿಗುತ್ತದೆ. ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವ ನಮ್ಮ ವ್ಯಾಪಾರವೇ.

ಕಾರಿನ ಮುಂಭಾಗವನ್ನು ಜಾಕಿಯಿಂದ ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ಬರೀ ಜಾಕಿಯ ನಂಬಿಕೆಯ ಮೇಲೆ ಕಾರಿನಡಿಗೆ ಹೋಗಬಾರದೆಂದು ಅಜ್ಜ ಮೂರು ಸಲ ಹೇಳಿದರು. ಚಕ್ರ ನೇರವಾಗಿಟ್ಟು, ಕೀಲಿ ತೆಗೆದು ಸ್ಟೀರಿಂಗ್ ಅಲ್ಲಾಡದಂತೆ ಬೀಗ ಹಾಕಿದರು. ಎಣ್ಣೆಯ ಎರಡು ಹೋಸುಗಳನ್ನು ಬಿಚ್ಚಿದಾಗ ಹಳೆಯ ಎಣ್ಣೆ ತಟ್ಟೆಗೆ ಸುರಿಯಿತು, ಸುಟ್ಟ ಬೆಲ್ಲದ ಬಣ್ಣ. ಸ್ಟೀರಿಂಗಿನ ದಂಡಕ್ಕೂ ಪೆಟ್ಟಿಗೆಗೂ ನಡುವೆ ರಬ್ಬರಿನ ಬಿಲ್ಲೆಯೊಂದಿದೆ, ಅದರ ಎರಡು ನಟ್ಟು ಸುಲಭವಾಗಿ ಬಂದವು. ಬಾರದೇ ಹೋದದ್ದು ಉಕ್ಕಿನ ತೋಳು. ದಂಡದ ತುದಿಗೆ ನಾಲ್ವತ್ತಾರು ವರ್ಷದಿಂದ ಕಚ್ಚಿ ಕೂತಿದ್ದದ್ದು ಪುಲ್ಲರ್ ಹಾಕಿ ಎಷ್ಟು ಬಿಗಿದರೂ ಮಿಸುಕಲಿಲ್ಲ. ಮಗ ಬೆವರಿದ, ಅಜ್ಜ ಸುತ್ತಿಗೆಯಿಂದ ತಟ್ಟಿದರು, ಮತ್ತೆ ಬಿಗಿದರು. ಒಂದು ಗಂಟೆಯಾದ ಮೇಲೆ ಬಂದೂಕು ಹಾರಿಸಿದಂಥ ಸದ್ದು. ನಾನು ಮಗನ ಹೆಸರು ಕೂಗುತ್ತಾ ಬಗ್ಗಿ ನೋಡಿದೆ. ಕಾರಿನಡಿಯಿಂದ, "ಬಂತಮ್ಮಾ" ಎಂದ. ಅವನ ಮುಖದಲ್ಲಿ ಅಂಥ ಸಂತೋಷ ನೋಡಿ ಎಷ್ಟೋ ವರ್ಷವಾಗಿತ್ತು.

ಕಾರಿನ ಚೌಕಟ್ಟಿಗೆ ಪೆಟ್ಟಿಗೆಯನ್ನು ಹಿಡಿದಿಟ್ಟಿದ್ದದ್ದು ಮೂರೇ ಬೋಲ್ಟು. ಬಿಚ್ಚಿ ಹೊರಗೆ ತೆಗೆದರು. 13–14 ಕಿಲೋ ತೂಕ, ನಡುವಯಸ್ಸಿನ ಹಲಸಿನಕಾಯಿಯಷ್ಟು. ಅಜ್ಜ ಅದರ ಸ್ಕ್ರೂವಿನ ಹತ್ತಿರ ಬೆರಳಿಟ್ಟು, ಆ ಅಂಗಡಿಯ ಹುಡುಗ ಬಿಗಿದ ಗುರುತು ತೋರಿಸಿದರು. ಸವೆತ ಇರುವುದು ನಡುವಿನ ಹಲ್ಲಿನಲ್ಲಿ, ಅದಕ್ಕೆ ಲೆಕ್ಕ ಮಾಡಿ ಬಿಗಿದರೆ ಪಕ್ಕದ ಸವೆಯದ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ನಡುವೆ ಯಾಕೆ ಸವೆತ ಎಂದರೆ ಕಾರು ಹೆಚ್ಚು ಹೊತ್ತು ಹೋಗುವುದು ನೇರವಾಗಿಯೇ ತಾನೆ.

ಹೊಸ ಪೆಟ್ಟಿಗೆಯನ್ನು ಕೂರಿಸುವ ಮೊದಲು ಅದರ ನಡುಬಿಂದು ಹುಡುಕಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧದಷ್ಟು ಹಿಂದಕ್ಕೆ ತಿರುಗಿಸಿ ನಿಲ್ಲಿಸುವುದು. ಎಣಿಸುವ ಕೆಲಸ ನನಗೆ ಕೊಟ್ಟರು. ಹಪ್ಪಳದ ಲೆಕ್ಕ ತಪ್ಪದವಳು ಇದರಲ್ಲಿ ತಪ್ಪುತ್ತೇನೆಯೆ? ಮಧ್ಯಾಹ್ನದ ಊಟಕ್ಕೆ ಪುಳಿಯೋಗರೆ ಮಾಡಿದ್ದೆ, ಅಜ್ಜ ಕಡಲೆಬೀಜ ಆರಿಸಿ ತಿಂದು ಮೆಣಸಿನಕಾಯಿ ಬಿಟ್ಟರು.

ಎಲ್ಲ ಬಿಗಿದ ಮೇಲೆ ಎಣ್ಣೆಯೊಳಗಿನ ಗಾಳಿ ತೆಗೆಯುವುದೊಂದು ಉಳಿಯಿತು. ಚಕ್ರ ಇನ್ನೂ ನೆಲ ಮುಟ್ಟಿರಲಿಲ್ಲ. ನಾನು ಸೀಟಿನಲ್ಲಿ ಕುಳಿತು ಎಂಜಿನ್ ಚಾಲೂ ಮಾಡದೆ ಸ್ಟೀರಿಂಗನ್ನು ಎಡತುದಿಗೂ ಬಲತುದಿಗೂ ನಿಧಾನವಾಗಿ ತಿರುಗಿಸಬೇಕು, ಅಜ್ಜ ಎಣ್ಣೆ ಸುರಿಯುತ್ತಾ ಗುಳ್ಳೆ ನೋಡಬೇಕು. ಭಾರವಾಗಿಯೇ ತಿರುಗಿತು. ಇಪ್ಪತ್ತು ಸಲ ಆ ಕಡೆ, ಇಪ್ಪತ್ತು ಸಲ ಈ ಕಡೆ. ಮಗ ಬಾಗಿಲ ಹತ್ತಿರ ಬಂದು, "ಬಿಡಮ್ಮ, ನಾನು ತಿರುಗಿಸ್ತೀನಿ, ಕೈ ನೋಯುತ್ತೆ" ಎಂದ. ಅವನ ಅಪ್ಪನದೇ ದನಿ. ಬೇಡ ಎಂದೆ. ಆಮೇಲೆ ಅವನಿಗೆ 1978ರ ಕಥೆ ಹೇಳಿದೆ, ಅವನು ಹಿಂದಿನ ಸೀಟಿನಲ್ಲಿ ಮಲಗಿದ್ದದ್ದು, ನಾನು ಎಳೆದದ್ದು. ಅವನಿಗೆ ಅದು ಗೊತ್ತೇ ಇರಲಿಲ್ಲ. ಗ್ಯಾರೇಜಿನ ಬಾಗಿಲಿಗೆ ಒರಗಿಕೊಂಡು ಕೇಳಿದ.

ಸಂಜೆ ಆರಕ್ಕೆ ಕಾರನ್ನು ಕೆಳಗಿಳಿಸಿದರು. ನಾನೇ ಓಡಿಸಿದೆ, ಮಗ ಪಕ್ಕದಲ್ಲಿ, ಅಜ್ಜ ಹಿಂದೆ. ಮೊದಲು ಬೀದಿಯಲ್ಲಿ ನಾಲ್ಕು ತಿರುವು, ಆಮೇಲೆ ಸ್ಯಾಗಿನಾ ರಸ್ತೆ. ಕೈ ಸಡಿಲ ಬಿಟ್ಟಾಗಲೆಲ್ಲ ಚಕ್ರ ತಾನೇ ನೇರವಾಯಿತು. ಅಜ್ಜ ಕಾರ್ಖಾನೆಯ ಕಡೆಗೆ ದಾರಿ ಹೇಳಿದರು. ಬೇಲಿಯ ಹೊರಗೆ ನಿಲ್ಲಿಸಿ, ತಾಯಿ ಕೆಲಸ ಮಾಡುತ್ತಿದ್ದ ಕಾಲದ ಸಂಗತಿ ಒಂದೆರಡು ಹೇಳಿ, ಮತ್ತೆ ಸುಮ್ಮನಾದರು. ಹಿಂದಿರುಗುವಾಗ ನೇರ ರಸ್ತೆಯಲ್ಲಿ ಸ್ಟೀರಿಂಗಿನ ಕಡ್ಡಿ ಎಡಕ್ಕೆ ಒಂದು ಬೆರಳಷ್ಟು ಓರೆಯಾಗಿ ನಿಂತದ್ದು ಕಂಡಿತು. ಕಾರು ಮಾತ್ರ ನೇರವಾಗಿಯೇ ಹೋಗುತ್ತಿತ್ತು. ನನ್ನ ಎಣಿಕೆ ತಪ್ಪಿತೇ ಎಂದು ಕೇಳಿದೆ.

"ಎಣಿಕೆ ಸರಿಯಾಗಿದೆ. ಚಕ್ರಕ್ಕೆ ಹೋಗುವ ರಾಡುಗಳನ್ನು ಸ್ವಲ್ಪ ಹೊಂದಿಸಿದರೆ ಆಯಿತು. ಮುಂದಿನ ಶನಿವಾರ ಬರ್ತೀನಿ" ಎಂದರು ಅಜ್ಜ. "ಆ ಹುಳಿಯನ್ನ ಇನ್ನೊಂದು ಸಲ ಮಾಡಿ."